ಸಂಕ್ರಾಂತಿ ದಾಟಿದರೂ ನಿಲ್ಲದ ಸೀನು: ಮಾವಿನ ಮರ ಕಡಿಸಬೇಕೇ?

ಪ್ರಶ್ನೆ, ಮಂಗಳೂರು ಕಾವೂರಿನಿಂದ:
ಮಗಳಿಗೆ ಮೊದಲೆಲ್ಲ ನವರಾತ್ರಿಯ ಹೊತ್ತಿಗೆ ಸೀನು ಶುರುವಾಗಿ ದೀಪಾವಳಿ ಕಳೆಯುವಾಗ ಅಡಗುತ್ತಿತ್ತು. ಈಗ ಸಂಕ್ರಾಂತಿ ದಾಟಿದರೂ ಕಣ್ಣು ತುರಿಕೆ, ಮೂಗು ಕೆಂಪು. ಅಂಗಳದ ಮಾವು ಹೂ ಬಿಟ್ಟಿದೆ, ಕಡಿಸಿಬಿಡಿ ಎನ್ನುತ್ತಾರೆ ನೆರೆಮನೆಯವರು. ಹವಾಮಾನ ಬದಲಾವಣೆ ಎನ್ನುವವರೂ ಇದ್ದಾರೆ. ಅನುಭವ ಇದ್ದವರು ತಿಳಿಸಿ.

ಉಡುಪಿಯಿಂದ, ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು:
ಕೊಡಲಿ ಅತ್ತ ಇಡಿ ಮಾರಾಯರೇ. ಮಾವಿನ ಪರಾಗ ಅಂಟಂಟು. ನೊಣಗಳೇ ಹೊತ್ತೊಯ್ಯಬೇಕು, ಗಾಳಿಯಲ್ಲಿ ದೂರ ಹೋಗುವುದಿಲ್ಲ. ಮೂಗನ್ನು ಕಾಡುವುದು ಹೆಚ್ಚಾಗಿ ನಾವು ಹೂವೆಂದೇ ಲೆಕ್ಕಕ್ಕಿಡದವು: ಹುಲ್ಲು, ಕಡಲ ಬದಿಯ ಗಾಳಿಮರ, ಕಾಂಗ್ರೆಸ್ ಗಿಡ. ಮಳೆ ಹಿಂದೆ ಸರಿದ ಮೇಲೆ ಪದವಿನ ಹುಲ್ಲಿನ ಹೂ ಅರಳಿದ ತೆನೆಯೊಂದನ್ನು ಬೆಳಿಗ್ಗೆ ಕಪ್ಪು ಕೊಡೆಯ ಮೇಲೆ ತಟ್ಟಿ ನೋಡಿ, ನವಿರಾದ ಹುಡಿ ಉದುರುತ್ತದೆ. ಸುಮಾರು ಅದೇ ಕಾಲಕ್ಕೆ ಅಕೇಶಿಯಾ ಮೈತುಂಬ ಹಳದಿಯಾಗಿ ನಿಲ್ಲುವುದರಿಂದ ಬೈಗುಳವೆಲ್ಲ ಅದರ ಪಾಲಿಗೆ!

ಹವಾಮಾನದ ಮಾತು ಸುಳ್ಳಲ್ಲ. ಉತ್ತರ ಅಮೆರಿಕದಲ್ಲಿ 1990ರಿಂದ 2018ರವರೆಗಿನ ಅಳತೆಗಳನ್ನು ನೋಡಿದಾಗ ಪರಾಗದ ಕಾಲ ಸುಮಾರು 20 ದಿನ ಮೊದಲೇ ಶುರುವಾಗುತ್ತಿರುವುದು, ಪರಾಗದ ಪ್ರಮಾಣ ಶೇ. 21ರಷ್ಟು ಏರಿರುವುದು ಕಂಡುಬಂದಿದೆ. ಇಂಗಾಲದ ಡೈಆಕ್ಸೈಡ್ ಹೆಚ್ಚಿದಷ್ಟೂ ಕಾಂಗ್ರೆಸ್ ಗಿಡದ ಬಳಗದ ರ‍್ಯಾಗ್‌ವೀಡ್ ಕಳೆ ಹೆಚ್ಚು ಪರಾಗ ಚೆಲ್ಲುತ್ತದೆಂದು ಪ್ರಯೋಗಗಳು ತೋರಿಸಿವೆ. ಆದರೆ ಅದು ಹಿಮ ಕರಗಿ ವಸಂತ ಬರುವ ನಾಡಿನ ಲೆಕ್ಕ, ಹಾಗೇ ಎತ್ತಿ ಇಲ್ಲಿಗೆ ತರಬಾರದು. ನಮ್ಮ ಹುಲ್ಲು ಕಾಯುವುದು ಮಳೆಯ ದಾರಿಯನ್ನು. ಮಳೆ ನವೆಂಬರಿಗೂ ಎಳೆದರೆ ಹಸಿರು ಉಳಿಯುತ್ತದೆ, ತೆನೆಯೂ ಹಿಂದೆ ಬೀಳುತ್ತದೆ. ಹಾಗಾಗಿ ಹಳೆಯ ತಿಂಗಳ ಲೆಕ್ಕ ನಂಬಬೇಡಿ. ಗೋಡೆಯ ಕ್ಯಾಲೆಂಡರಿನಲ್ಲಿ ಸೀನು ಜೋರಾದ ದಿನ, ಮಗು ಎಲ್ಲಿ ಆಡಿತ್ತು, ಮಳೆ ಇತ್ತೇ ಎಂದು ಬರೆದಿಡಿ.

ಸುರತ್ಕಲ್‌ನಿಂದ:
ನಮ್ಮ ಮನೆಯ ಕಥೆಯೇ ಬೇರೆ. ಮಗನಿಗೆ ಚರ್ಮದ ಪರೀಕ್ಷೆ ಮಾಡಿಸಿದರೆ ಪರಾಗಕ್ಕೆ ಏನೂ ಏಳಲಿಲ್ಲ, ಧೂಳಿನ ನುಸಿಗೂ ಗೋಡೆಗೆ ಹಿಡಿಯುವ ಬೂಷ್ಟಿಗೂ ಗುಳ್ಳೆ ಎದ್ದಿತು. ಕಪಾಟು ಸರಿಸಿದರೆ ಹಿಂದಿನ ಗೋಡೆಯ ತುಂಬ ಆಟಿ ತಿಂಗಳ ಕಪ್ಪು ಚುಕ್ಕೆ. ಹಾಸಿಗೆಯ ಬಟ್ಟೆಯನ್ನು ಈಗ ವಾರಕ್ಕೊಮ್ಮೆ 60 ಡಿಗ್ರಿ ಬಿಸಿನೀರಿನಲ್ಲಿ ಒಗೆಯುತ್ತೇವೆ. ಅಕ್ಕ, ಅಲರ್ಜಿ ಮಾತ್ರೆ ನುಂಗಿದ್ದರೆ ಆ ಪರೀಕ್ಷೆ ಸರಿಯಾಗಿ ತೋರಿಸುವುದಿಲ್ಲ. ಎಷ್ಟು ದಿನ ಮೊದಲು ನಿಲ್ಲಿಸಬೇಕೆಂದು ವೈದ್ಯರನ್ನೇ ಕೇಳಿ.

ಕುಂದಾಪುರದಿಂದ:
ನನಗೆ ಬೈಹುಲ್ಲು ಮುಟ್ಟಿದರೆ ಸಾಕು, ಸೀನು. ಮಾಸ್ಕ್ ಹಾಕಿಯೇ ಹಟ್ಟಿಗೆ ಹೋಗುತ್ತೇನೆ.

ಮಣಿಪಾಲದಿಂದ, ದಾದಿ:
ವೈದ್ಯರು ಮೂಗಿನ ಸ್ಟಿರಾಯ್ಡ್ ಸ್ಪ್ರೇ ಬರೆದುಕೊಟ್ಟರೆ ದಿನವೂ ಹಾಕಿ. ಪೂರ್ತಿ ಗುಣ ಕಾಣಲು ಕೆಲವು ದಿನ ಬೇಕು, ಹೆಚ್ಚಿನವರು ಅಷ್ಟರೊಳಗೆ ಮೂಲೆಗೆ ಎಸೆಯುತ್ತಾರೆ. ಎಡ ಹೊಳ್ಳೆಗೆ ಬಲಗೈಯಿಂದ ಹಾಕಿ, ಆಗ ನಡುಗೋಡೆಗೆ ತಾಗದೆ ಹೊರಬದಿಗೆ ಹೋಗುತ್ತದೆ.

ಇನ್ನೊಂದು ವಿಷಯ. 2016ರ ನವೆಂಬರಿನಲ್ಲಿ ಮೆಲ್ಬರ್ನ್‌ನಲ್ಲಿ ಗುಡುಗುಮಳೆಯ ಸಂಜೆ ಹುಲ್ಲಿನ ಪರಾಗ ಒಡೆದು ಚೂರಾಗಿ ಶ್ವಾಸಕೋಶಕ್ಕೇ ಇಳಿದು ಸಾವಿರಾರು ಜನ ಆಸ್ಪತ್ರೆಗೆ ಓಡಿದರು, 10 ಮಂದಿ ತೀರಿಕೊಂಡರು. ಇಲ್ಲಿ ಹಾಗಾಗುತ್ತದೆ ಎಂದು ಹೆದರಿಸುತ್ತಿಲ್ಲ. ಆದರೆ ಹುಲ್ಲಿಗೆ ಅಲರ್ಜಿ ಇದ್ದು ಉಬ್ಬಸವೂ ಇದ್ದರೆ, ತುಲಾ ತಿಂಗಳ ಸಂಜೆ ಗುಡುಗು ಕೇಳಿದಾಗ ಕಿಟಕಿ ಮುಚ್ಚಿ, ಇನ್‌ಹೇಲರ್ ಕೈಗೆ ಸಿಗುವಂತಿರಲಿ. ಎದೆಯಲ್ಲಿ ಸೀಟಿಯಂಥ ಸದ್ದು ಬಂದರೆ ಮನೆಮದ್ದು ಹುಡುಕುತ್ತ ಕೂರಬೇಡಿ, ಆಸ್ಪತ್ರೆಗೆ ಹೋಗಿ.