‘ಓರಿಯೆಂಟೇಶನ್’ಗೆ ಕನ್ನಡದಲ್ಲಿ ಏನನ್ನೋಣ? ಓರಣ, ಒಮ್ಮೊಗ, ಇನ್ನೇನಾದರೂ?

ಎಲ್ಲರಿಗೂ ನಮಸ್ಕಾರ.

ಬಿ.ಎಸ್ಸಿ. ಹುಡುಗರಿಗಾಗಿ ಪಾಲಿಮರ್ ಫಿಲ್ಮ್ ಬಗ್ಗೆ ಕನ್ನಡದಲ್ಲಿ ಪಾಠ ಬರೆಯುತ್ತಿದ್ದೇನೆ. ಕಾರ್ಬನ್ ನ್ಯಾನೊಟ್ಯೂಬ್ (ಇಂಗಾಲದ ಅತಿ ಸಣ್ಣ ಕೊಳವೆ) ಬೆರೆಸಿದ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್ ಎಂಬ ಪಾಲಿಮರ್) ಫಿಲ್ಮನ್ನು ಬಿಸಿ ಮಾಡಿ ಎಳೆಯುವ ಭಾಗದಲ್ಲಿ ‘ಓರಿಯೆಂಟೇಶನ್’ ಮತ್ತೆ ಮತ್ತೆ ಬರುತ್ತದೆ. ಅದಕ್ಕೊಂದು ಒಳ್ಳೆಯ ಪದ ಬೇಕು.

ಎಳೆಯುವ ಮೊದಲು ಪಾಲಿಮರ್‌ನ ಉದ್ದುದ್ದ ಅಣುಗಳು ಸಿಕ್ಕುಸಿಕ್ಕಾಗಿರುತ್ತವೆ, ಟ್ಯೂಬುಗಳು ದಿಕ್ಕಾಪಾಲಾಗಿರುತ್ತವೆ. ಎಳೆದಾಗ ಎರಡೂ ಎಳೆತದ ಕಡೆಗೆ ತಿರುಗುತ್ತವೆ. ಇದೇ ಓರಿಯೆಂಟೇಶನ್. ತೆಳು ಪ್ಲಾಸ್ಟಿಕ್ ಕವರಿನ ಪಟ್ಟಿಯೊಂದನ್ನು ನಿಧಾನಕ್ಕೆ ಎಳೆದು ನೋಡಿ. ನಡುವೆ ಒಂದು ಕಡೆ ಸಣ್ಣಗಾಗುತ್ತದೆ, ಆ ಸಣ್ಣ ಭಾಗವೇ ಎರಡೂ ಕಡೆಗೆ ಹಬ್ಬುತ್ತದೆ. ಆಮೇಲೆ ಪಟ್ಟಿ ಎಳೆತಕ್ಕೆ ಜಾಸ್ತಿ ಗಟ್ಟಿ, ಆದರೆ ಉದ್ದಕ್ಕೆ ಸೀಳುವುದು ಸುಲಭ.

‘ಅಭಿವಿನ್ಯಾಸ’, ‘ದಿಗ್ವಿನ್ಯಾಸ’ ಎರಡೂ ಬಳಕೆಯಲ್ಲಿವೆ. ವಿನ್ಯಾಸ ಅಂದರೆ ಹುಡುಗರಿಗೆ ಡಿಸೈನ್ ನೆನಪಾಗುತ್ತದೆ, ಹಾಗಾಗಿ ನನಗೆ ಒಪ್ಪಿಗೆಯಿಲ್ಲ.

‘ಓರಣ’ ಕೇಳಲು ಎಷ್ಟು ಚೆಂದ! ಆದರೆ ಲೆಕ್ಕಕ್ಕೆ ಸಾಲದು. ಓರಿಯೆಂಟೇಶನ್ ಎಷ್ಟಿದೆ ಎಂದು ಅಳೆಯುವ ಹರ್ಮನ್ಸ್ ಅಂಕಿ ಹೀಗಿದೆ: ಎಲ್ಲವೂ ಎಳೆತದ ದಿಕ್ಕಿಗೇ ಇದ್ದರೆ 1, ದಿಕ್ಕಾಪಾಲಾಗಿದ್ದರೆ 0, ಎಲ್ಲವೂ ಅಡ್ಡಕ್ಕಿದ್ದರೆ −0.5. ಅಡ್ಡಕ್ಕೆ ಸಾಲಾಗಿ ಮಲಗಿದ್ದೂ ಓರಣವೇ ಅಲ್ವಾ? ಯಾವ ಕಡೆಗೆ ಅನ್ನುವುದು ಆ ಪದದಲ್ಲಿ ಇಲ್ಲ.

‘ಒಮ್ಮೊಗ’, ‘ಅಭಿಮುಖ’ ಇವುಗಳಿಗೆ ಬೇರೆಯದೇ ತೊಡಕು. ಮೊಗ ಅಂದಮೇಲೆ ಬೆನ್ನೂ ಇರಬೇಕು. ಈ ಅಳತೆಯಲ್ಲಿ ಟ್ಯೂಬಿಗೆ ತಲೆ-ಬಾಲವಿಲ್ಲ, ತಿರುಗಿಸಿ ಇಟ್ಟರೂ ಅಂಕಿ ಅದೇ. ಲೇಸರ್ ಬೆಳಕು ಹಾಯಿಸಿ ಚದುರಿದ ಬೆಳಕನ್ನು ನೋಡುವ ರಾಮನ್ ಪರೀಕ್ಷೆಯಲ್ಲೂ ಹಾಗೇ. ಲೇಸರ್ ಬೆಳಕಿನ ಕಂಪನ ಟ್ಯೂಬಿನ ಉದ್ದಕ್ಕಿದ್ದರೆ 1590 cm⁻¹ ಆಸುಪಾಸಿನ, ಟ್ಯೂಬಿನದೇ ಆದ ಗೆರೆ ಜೋರಾಗಿ ಬರುತ್ತದೆ, ಅಡ್ಡಕ್ಕಿದ್ದರೆ ಕುಗ್ಗುತ್ತದೆ. ಫಿಲ್ಮನ್ನು ಹಿಂದುಮುಂದು ಮಾಡಿದರೆ ಏನೂ ಬದಲಾಗದು.

‘ಸ್ಟ್ರೆಚ್’ ವಿಷಯವೂ ಇದೆ. ಪಠ್ಯದಲ್ಲಿ ‘ಹಿಗ್ಗಿಸು’ ಅಂತಾರೆ. ಬಿಸಿಗೆ ಹಿಗ್ಗಿದ ಕಬ್ಬಿಣ ಎಲ್ಲ ಕಡೆಗೂ ದೊಡ್ಡದಾಗುತ್ತದೆ. ಇಲ್ಲಿ ಉದ್ದ ಹೆಚ್ಚಿ ಅಗಲ, ದಪ್ಪ ಎರಡೂ ಕಮ್ಮಿಯಾಗುತ್ತವೆ. ‘ಎಳೆ’ ಸರಿ, ಆದರೆ ‘ಎಳೆದ ಎಳೆ’ ಅಂತ ಬರೆದರೆ ಓದುವವರು ತಡವರಿಸುತ್ತಾರೆ. ಧಾರವಾಡದ ಕಡೆಯ ‘ಜಗ್ಗು’ ಇಲ್ಲಿ ಚೆನ್ನಾಗಿ ಕೂರುತ್ತದೆ. ಅದನ್ನೇ ಇಟ್ಟುಕೊಳ್ಳುತ್ತೇನೆ.

ಮೊದಲ ಪದಕ್ಕೆ ನಿಮ್ಮ ನೆರವು ಬೇಕು. ನೇಕಾರರ ಹಾಸು-ಹೊಕ್ಕು ನೋಡಿ: ಹಾಸಿನ (ಉದ್ದ ನೂಲಿನ) ಎಳೆಗಳಿಗೆ ದಿಕ್ಕಿದೆ, ತಲೆ-ಬಾಲವಿಲ್ಲ. ಬಟ್ಟೆ ಹಾಸಿನ ಉದ್ದಕ್ಕಿದೆ ಅನ್ನಲು ಮಗ್ಗದವರು ಏನನ್ನುತ್ತಾರೆ? ಮರದ ನಾರು ಓಡುವ ದಿಕ್ಕಿಗೆ ಬಡಗಿಗಳಲ್ಲಿ ಯಾವ ಮಾತಿದೆ? ಊರಿನ ಹೆಸರು ಸೇರಿಸಿ ತಿಳಿಸಿದರೆ ಉಪಕಾರವಾಗುತ್ತದೆ.