ಮರು: ಪೀಲರ್ ಪೊಟ್ಟಣದ ಮೇಲೆ ‘ಸುಗಮ್ಯ’ ಎನ್ನಬಹುದೇ?

> ದಪ್ಪ ರಬ್ಬರ್ ಹಿಡಿಯ ಪೀಲರ್. ಕೈಯಲ್ಲಿ ಬಲ ಕಡಿಮೆ ಇರುವವರೂ ಬಳಸಬಹುದು. ಇಂಗ್ಲಿಷಿನಲ್ಲಿ ‘ಆಕ್ಸೆಸಿಬಲ್’ ಎಂದಿದೆ. ಕನ್ನಡದಲ್ಲಿ ‘ಸುಗಮ್ಯ’ ಸಾಕೇ? ನಾಳೆ ಸಂಜೆ ಮುದ್ರಣಕ್ಕೆ ಹೋಗುತ್ತದೆ.

ಸಾಲದು. ‘ಗಮ್ಯ’ದ ಬೇರು ‘ಗಮ್’, ಅಂದರೆ ಹೋಗುವುದು. ಇಳಿಜಾರು ದಾರಿಗೆ, ಬಸ್ಸಿಗೆ, ಕಚೇರಿಯ ಬಾಗಿಲಿಗೆ ಆ ಪದ ಹೊಂದುತ್ತದೆ. 2015ರಲ್ಲಿ ಕೇಂದ್ರ ಸರ್ಕಾರ ಸುಗಮ್ಯ ಭಾರತ ಅಭಿಯಾನ ಆರಂಭಿಸಿದಾಗ ಹಿಡಿದ ಕ್ಷೇತ್ರಗಳೂ ಕಟ್ಟಡ, ಸಾರಿಗೆ, ಮಾಹಿತಿ. ಪೀಲರ್‌ನೊಳಕ್ಕೆ ಯಾರೂ ಹೋಗುವುದಿಲ್ಲ. ‘ಪ್ರವೇಶಾರ್ಹ’ಕ್ಕೂ ಇದೇ ಉತ್ತರ. ‘ಕೈಗೆಟಕುವ’ ಎಂದರೆ ಓದುಗರು ಬೆಲೆ ಕಡಿಮೆ ಎಂದುಕೊಳ್ಳುತ್ತಾರೆ. ಜಾಹೀರಾತುಗಳು ಆ ಮಾತನ್ನು ದರಕ್ಕೆ ಕಟ್ಟಿಹಾಕಿವೆ.

ನನ್ನ ಸಲಹೆ ‘ಒಗ್ಗು’. ನನ್ನ ತಾಯಿಯ ಬೆರಳ ಗೆಣ್ಣುಗಳು ಸಂಧಿವಾತದಿಂದ ಊದಿಕೊಂಡಿವೆ. ತೆಳು ಸ್ಟೀಲ್ ಪೀಲರ್ ಹಿಡಿದರೆ ಸೀಮೆಬದನೆಯ ಒಂದು ಮಗ್ಗುಲು ಮುಗಿಯುವಷ್ಟರಲ್ಲಿ ಕೈ ಸೋಲುತ್ತಿತ್ತು. ಒಂದು ದಿನ ಅವರೇ ಅದರ ಹಿಡಿಗೆ ಹಳೆಯ ಸೀರೆಯಂಚು ಸುತ್ತಿ, ದಾರ ಬಿಗಿದು, ಎರಡು ಬೆರಳು ದಪ್ಪ ಮಾಡಿಕೊಂಡರು. ‘ಈಗ ಕೈಗೆ ಒಗ್ಗಿತು’ ಎಂದರು. ನಾವು ಹುಡುಕುತ್ತಿರುವ ಪದ ಅದೇ. ವಸ್ತು ಕೈಗೆ ಒಗ್ಗುತ್ತದೆ. ಮನುಷ್ಯ ಕಷ್ಟಕ್ಕೆ ಒಗ್ಗಿಕೊಳ್ಳುತ್ತಾನೆ. ‘ಕೊಳ್ಳು’ ಸೇರಿದ ಕೂಡಲೇ ಹೊಣೆ ವಸ್ತುವಿನಿಂದ ಜಾರಿ ಮನುಷ್ಯನ ತಲೆಗೆ ಬರುತ್ತದೆ. ಇಷ್ಟು ಸ್ಪಷ್ಟವಾಗಿ ಇವೆರಡನ್ನು ಬೇರ್ಪಡಿಸುವ ಕ್ರಿಯಾಪದ ಮನೆಯಲ್ಲೇ ಇರುವಾಗ ನಿಘಂಟು ಏಕೆ ಬಿಚ್ಚಬೇಕು?

‘ವಿಕಲಚೇತನರಿಗಾಗಿ’ ಎಂದು ಬರೆಯಿರಿ ಎಂಬ ಇನ್ನೊಂದು ಸಲಹೆಯನ್ನು ಒಪ್ಪಲಾರೆ. ದಪ್ಪ ಹಿಡಿಯ ಪೀಲರ್‌ಗೆ ಹೆಸರು ತಂದ ಆಕ್ಸೋ ಗುಡ್ ಗ್ರಿಪ್ಸ್ ಅಡುಗೆಮನೆ ಸಾಮಾನುಗಳನ್ನು ಉದ್ಯಮಿ ಸ್ಯಾಮ್ ಫಾರ್ಬರ್ 1990ರಲ್ಲಿ ಅಮೆರಿಕದ ಮಾರುಕಟ್ಟೆಗೆ ತಂದರು. ಸಂಧಿವಾತವಿದ್ದ ಹೆಂಡತಿ ಬೆಟ್ಸಿ ಪೀಲರ್ ಹಿಡಿಯಲು ಪಡುತ್ತಿದ್ದ ಪಾಡು ಅದಕ್ಕೆ ಪ್ರೇರಣೆ. ಮಾರಿದ್ದು ಮಾತ್ರ ಎಲ್ಲರಿಗೂ. ನಮ್ಮ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯೂ 43ನೇ ಸೆಕ್ಷನ್‌ನಲ್ಲಿ ಗ್ರಾಹಕ ವಸ್ತುಗಳ ವಿಷಯ ಬಂದಾಗ ಸಾರ್ವತ್ರಿಕ ವಿನ್ಯಾಸವನ್ನೇ, ಅಂದರೆ ಎಲ್ಲರೂ ಬಳಸಬಲ್ಲ ವಿನ್ಯಾಸವನ್ನೇ, ಹೇಳುತ್ತದೆ. ಪೊಟ್ಟಣದ ಮೇಲೆ ಗುಂಪಿನ ಹೆಸರು ಬರೆದರೆ, ಕೈ ನೋಯುವ ಎಷ್ಟೋ ಅಜ್ಜಿಯರು ಅದು ತಮಗಲ್ಲ ಎಂದು ಕೆಳಗಿಡುತ್ತಾರೆ.

‘ಸಿಪ್ಪೆಸುಲಿಕ’ ಬೇಡವೇ ಬೇಡ. ಅಡುಗೆಮನೆಯಲ್ಲಿ ಅದು ಪೀಲರ್. ಅಚ್ಚಗನ್ನಡದ ಗೆಳೆಯರು ನನ್ನನ್ನು ತಮ್ಮ ಕಡೆಯವನೆಂದು ಎಣಿಸುವುದೂ ಬೇಡ. ಸುಗಮ ಸಂಗೀತ ಎನ್ನಲು ನನ್ನ ನಾಲಿಗೆ ತಡವರಿಸುವುದಿಲ್ಲ. ‘ಸುಗಮ್ಯ’ವನ್ನು ತಳ್ಳಿದ್ದು ಅದು ಸಂಸ್ಕೃತವೆಂದಲ್ಲ, ಈ ಕೆಲಸಕ್ಕೆ ಬಾರದೆಂದು.

ಪೊಟ್ಟಣಕ್ಕೆ: ‘ಎಲ್ಲರ ಕೈಗೂ ಒಗ್ಗುವ ಹಿಡಿ’. ಕೆಳಗೆ ಸಣ್ಣಕ್ಷರದಲ್ಲಿ ‘ಬಿಗಿಯಾಗಿ ಹಿಡಿಯಬೇಕಿಲ್ಲ’ ಎಂದು ಸೇರಿಸಿ. ಕರಡು ತಿದ್ದುವವರು ಅದನ್ನು ‘ಒಗ್ಗಿಕೊಳ್ಳುವ’ ಎಂದು ಬದಲಿಸದಂತೆ ನೋಡಿಕೊಳ್ಳಿ.