ದಾರಿಯಲ್ಲಿ ಸಿಕ್ಕವರು ಕರೆದರೆ ಹೋಗಬೇಕೇ ಎಂದು ಕೇಳಿದ ಮಗಳಿಗೆ

ಮಗಳೇ, ನೀನು ನಿನ್ನೆ ರಾತ್ರಿ ಗ್ರೂಪಿಗೆ ಹಾಕಿದ ಪ್ರಶ್ನೆಯನ್ನೂ ಅದಕ್ಕೆ ಮನೆಯವರೆಲ್ಲ ಕೊಟ್ಟ ಉತ್ತರಗಳನ್ನೂ ಈಗ ಬೆಳಿಗ್ಗೆ ಸಮಾಧಾನವಾಗಿ ಕೇಳಿದೆ. ಬೆಂಗಳೂರಿನಿಂದ ಮೈಸೂರಿಗೆ ಬರುವಾಗ ರೈಲಿನಲ್ಲಿ ಪರಿಚಯವಾದ ಪಾಂಡವಪುರದ ಕಡೆಯ ತಾಯಿ ಮತ್ತು ಮಗಳು ತಮ್ಮ ಆಲೆಮನೆ ನೋಡಲು ಬಾ ಎಂದು ಕರೆದಿದ್ದಾರೆ, ಹೋಗಬಹುದೇ ಎಂದು ಕೇಳಿದ್ದೀಯೆ. ದಾರಿಯಲ್ಲಿ ಸಿಕ್ಕವರನ್ನು ನಂಬಬಾರದು ಎಂದು ನಿನ್ನ ಅಮ್ಮ ಹೇಳಿದ್ದಾಳೆ. ಅಂಥ ಕರೆಯೆಲ್ಲ ಬಾಯುಪಚಾರ, ನಿಜವಾಗಿ ಹೋಗಿ ನಿಂತರೆ ಅವರಿಗೇ ಮುಜುಗರ ಎಂದು ನಿನ್ನ ಸೋದರಮಾವ ಹೇಳಿದ್ದಾನೆ. ನನ್ನ ಅಭಿಪ್ರಾಯ ಬೇರೆ. ನೀನು ಹೋಗಬೇಕು, ಹೇಗೆ ಹೋಗಬೇಕೆಂಬುದನ್ನೂ ಮುಂದೆ ಹೇಳುತ್ತೇನೆ.

ನಮ್ಮ ಮನೆಯ ಶುಭಕಾರ್ಯಗಳಿಗೆಲ್ಲ ಬರುವ ಕೊಕ್ಕರೆ ಬೆಳ್ಳೂರಿನ ನನ್ನ ಗೆಳತಿಯನ್ನು ನೀವೆಲ್ಲರೂ ಬಲ್ಲಿರಿ. ಆಕೆ ನನಗೆ ದೊರೆತದ್ದೂ ಇದೇ ಮೈಸೂರು ರೈಲಿನಲ್ಲಿ ಎಂಬುದು ನಿಮ್ಮಲ್ಲಿ ಹಲವರಿಗೆ ತಿಳಿದಿರಲಾರದು. ಎದುರು ಸೀಟಿನಲ್ಲಿ ಕುಳಿತಿದ್ದ ಆಕೆ, ನಾನು ಕಾಲು ಚಾಚಿದಾಗ, ಕೆಳಗಿನ ಚೀಲದಲ್ಲಿ ಹುಣಸೆಹಣ್ಣಿದೆ, ತುಳಿಯಬೇಡಿ ಎಂದರು. ಯಾವ ತೋಟದ್ದು ಎಂದು ಕೇಳಿದೆ. ಹಕ್ಕಿ ಕೂರದ ಮರದ್ದು ಎಂಬ ಉತ್ತರ ಬಂತು. ಆ ಒಂದು ಮಾತು ನನ್ನ ಕುತೂಹಲವನ್ನು ಕೆರಳಿಸಿತು. ಅವರ ಊರಿನ ಹುಣಸೆ ಮರಗಳ ಮೇಲೆ ಹೆಜ್ಜಾರ್ಲೆಗಳೂ, ಅಂದರೆ ಪೆಲಿಕನ್ ಹಕ್ಕಿಗಳೂ, ಬಣ್ಣದ ಕೊಕ್ಕರೆಗಳೂ ಗೂಡು ಕಟ್ಟುತ್ತವೆ, ಗೂಡಿರುವ ಮರದಲ್ಲಿ ಫಸಲು ಕೈಗೆ ಹತ್ತುವುದಿಲ್ಲ, ಆ ನಷ್ಟಕ್ಕೆ ಅರಣ್ಯ ಇಲಾಖೆ ಮರದ ಒಡೆಯರಿಗೆ ಪರಿಹಾರ ಕೊಡುತ್ತದೆ, ಆದರೂ ಹಣಕ್ಕಾಗಿ ಯಾರೂ ಹಕ್ಕಿಗಳನ್ನು ಇಟ್ಟುಕೊಂಡಿಲ್ಲ, ಹೆರಿಗೆಗೆ ತವರಿಗೆ ಬರುವ ಹೆಣ್ಣುಮಕ್ಕಳಂತೆ ಅವು ಬರುತ್ತವೆ ಎಂದು ಅವರು ಹೇಳುತ್ತಾ ಹೋದರು. ಮದ್ದೂರು ಬಂದಾಗ ಇಳಿಯುತ್ತಾ, ಮರಿಗಳಿರುವ ಕಾಲಕ್ಕೆ ಒಮ್ಮೆ ಬನ್ನಿ ಎಂದು ಕರೆದರು.

ಇಂಥ ಕರೆಯನ್ನು ನಾವೆಲ್ಲರೂ ಸಾಮಾನ್ಯವಾಗಿ ತಲೆಯಾಡಿಸಿ ಮರೆತುಬಿಡುತ್ತೇವೆ. ನಾನು ಮರೆಯಲಿಲ್ಲ. ಫೆಬ್ರವರಿಯಲ್ಲಿ ಫೋನು ಮಾಡಿ, ಬರಲೇ ಎಂದು ಕೇಳಿದೆ. ಆ ಕಡೆಯಿಂದ ಬಂದ ಸಂತೋಷದ ದನಿ ನನಗೆ ಈಗಲೂ ನೆನಪಿದೆ. ಮೈಸೂರು–ಬೆಂಗಳೂರು ಹೆದ್ದಾರಿಯಲ್ಲಿ ರುದ್ರಾಕ್ಷಿಪುರದ ಹತ್ತಿರ ಒಳದಾರಿ ಹಿಡಿದು ಹೋದೆ. ಊರೊಳಗೆ ಕಾಲಿಟ್ಟಾಗ, ಮನೆಗಳ ಹೆಂಚಿನ ಮೇಲೆಯೇ ಬಾಗಿದ ಕೊಂಬೆಗಳಲ್ಲಿ ಅಷ್ಟು ದೊಡ್ಡ ಹಕ್ಕಿಗಳು ಜನರಿಗೆ ಅಂಜದೆ ಕುಳಿತಿರುವುದನ್ನು ಕಂಡು ನನ್ನ ಕಣ್ಣನ್ನೇ ನಂಬಲಾಗಲಿಲ್ಲ. ಮರದ ಬುಡದಲ್ಲಿ ಗುಂಡಿ ತೋಡಿ, ಹಕ್ಕಿಗಳ ಹಿಕ್ಕೆಯನ್ನು ಕೆರೆಯ ಗೋಡುಮಣ್ಣಿನೊಂದಿಗೆ ಬೆರೆಸಿ ಹೊಲಕ್ಕೆ ಗೊಬ್ಬರ ಮಾಡಿಕೊಳ್ಳುವ ಬಗೆಯನ್ನು ಗೆಳತಿ ತೋರಿಸಿದರು. ಮಧ್ಯಾಹ್ನದ ಹೊತ್ತಿಗೆ ಗೂಡಿನಿಂದ ಹೆಜ್ಜಾರ್ಲೆಯ ಮರಿಯೊಂದು ಜಾರಿ ಬಿತ್ತು. ಬಿದ್ದ ಮರಿಯನ್ನು ತಾಯಿಹಕ್ಕಿ ಮತ್ತೆ ಮೇಲಕ್ಕೆ ಒಯ್ಯಲಾರದು. ಹಕ್ಕಿಗಳ ರಕ್ಷಣೆಗೆ ಊರಿನವರೇ ಕಟ್ಟಿಕೊಂಡ ಹೆಜ್ಜಾರ್ಲೆ ಬಳಗದ ಹುಡುಗರು ಅಂಥ ಮರಿಗಳನ್ನು ಬೇಲಿಯೊಳಗೆ ಇಟ್ಟು, ಮೀನು ತಿನ್ನಿಸಿ, ಹಾರುವಷ್ಟು ಬಲಿಯುವವರೆಗೆ ಸಾಕುತ್ತಾರೆ. ಅಂದು ಮೀನಿನ ಬುಟ್ಟಿ ಹಿಡಿದು ನಿಲ್ಲುವ ಕೆಲಸ ನನ್ನ ಪಾಲಿಗೆ ಬಂತು. ಮರಿ ತನ್ನ ಉದ್ದ ಕೊಕ್ಕನ್ನು ನೇರವಾಗಿ ಬುಟ್ಟಿಯೊಳಗೇ ಹಾಕಿತು. ಯಾವ ಪ್ರವಾಸದ ಪ್ಯಾಕೇಜಿನಲ್ಲಿಯೂ ಈ ಅನುಭವ ಸಿಗುವುದಿಲ್ಲ, ಮಗಳೇ. ಆ ಸಂಜೆ ಶಿಂಷಾ ನದಿಯ ಕಡೆಗೆ ನಡೆದು ಹೋಗುವಾಗ ನಾವಿಬ್ಬರೂ ಮಾತನಾಡಿದ್ದು ಹಕ್ಕಿಗಳ ವಿಷಯವಲ್ಲ, ನಮ್ಮ ನಮ್ಮ ಮನೆಯ ಸುಖದುಃಖ. ಸ್ನೇಹ ಬೆಳೆದದ್ದು ಅಲ್ಲಿ.

ರೈಲಿನಲ್ಲಿ ಎದುರುಬದುರು ಕುಳಿತದ್ದು ಆಕಸ್ಮಿಕ. ಅದರಲ್ಲಿ ನನ್ನ ಹೆಚ್ಚುಗಾರಿಕೆ ಏನೂ ಇಲ್ಲ. ಫೋನು ಮಾಡಿ ಹೊರಟದ್ದು ಮಾತ್ರ ನಾನು ತೆಗೆದುಕೊಂಡ ನಿರ್ಧಾರ. ಪಕ್ಷಿತಜ್ಞ ಸಲೀಂ ಅಲಿಯವರು ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆಂದು ಇಲ್ಲಿ ತಿರುಗಾಡುತ್ತಿದ್ದಾಗ ಶ್ರೀರಂಗಪಟ್ಟಣದ ಬಳಿ ಕಾವೇರಿಯ ನಡುಗಡ್ಡೆಗಳಲ್ಲಿ ಹಕ್ಕಿಗಳು ಗೂಡು ಕಟ್ಟುವುದನ್ನು ಕಂಡರು. ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿಯೇ ಬಿಡದೆ ಮೈಸೂರಿನ ಮಹಾರಾಜರಾದ ಒಡೆಯರ ಗಮನಕ್ಕೆ ತಂದು ಒತ್ತಾಯಿಸಿದ್ದರಿಂದಲೇ 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ದಾರಿಯಲ್ಲಿ ಸಿಕ್ಕದ್ದನ್ನು ದಾರಿಯಲ್ಲಿಯೇ ಬಿಡುವುದು ಬಹಳ ಸುಲಭ ಎಂಬುದಕ್ಕಾಗಿ ಇದನ್ನು ಹೇಳಿದೆ.

ಇನ್ನೊಂದು ಸಂಗತಿಯೂ ನನ್ನನ್ನು ಕಾಡುತ್ತದೆ. 2023ರಲ್ಲಿ 118 ಕಿಲೋಮೀಟರಿನ ಹೊಸ ಹೆದ್ದಾರಿ ಉದ್ಘಾಟನೆಯಾದ ಮೇಲೆ ನಮ್ಮ ಮನೆಯವರೆಲ್ಲ ಕಾರಿನಲ್ಲಿಯೇ ಬೆಂಗಳೂರಿಗೆ ಹೋಗಿ ಬರುತ್ತಾರೆ. ಮದ್ದೂರು, ಮಂಡ್ಯ ಎರಡೂ ಊರುಗಳು ಪಕ್ಕಕ್ಕೆ ಉಳಿದುಬಿಡುತ್ತವೆ. ಸಮಯ ಉಳಿಯುತ್ತದೆ, ನಿಜ. ಆದರೆ ಗಾಜು ಏರಿಸಿದ ಕಾರಿಗೆ ಹುಣಸೆಹಣ್ಣಿನ ಚೀಲ ಹಿಡಿದು ಯಾರು ಹತ್ತುತ್ತಾರೆ? ನೀನು ರೈಲಿನಲ್ಲಿ ಓಡಾಡುವುದು ನನಗೆ ಬಹಳ ಸಂತೋಷ.

ವೈರಮುಡಿಯ ರಾತ್ರಿ ಮೇಲುಕೋಟೆಯ ನೂಕುನುಗ್ಗಲಿನಲ್ಲಿ ಪರಿಚಯವಾದ ಕುಂಭಕೋಣದ ಹಿರಿಯ ದಂಪತಿಗಳ ಕಥೆಯನ್ನು ನಿನ್ನ ದೊಡ್ಡಪ್ಪ ನಿನಗೆ ಹೇಳಿದ್ದಾರೆ. ದೇವರಿಗೆ ತೊಡಿಸುವ ವೈರಮುಡಿ ಕಿರೀಟವನ್ನು ಮಂಡ್ಯದ ಖಜಾನೆಯಿಂದ ಪೊಲೀಸ್ ಕಾವಲಿನಲ್ಲಿ ತರುವ ಕ್ರಮವನ್ನು ಅವರಿಗೆ ವಿವರಿಸುತ್ತಾ ನಿಂತಾಗ, ಉಳಿದುಕೊಳ್ಳಲು ಅವರಿಗೆ ಜಾಗವಿಲ್ಲವೆಂದು ತಿಳಿದು ಮೈಸೂರಿನ ನಮ್ಮ ಮನೆಗೆ ಕರೆತಂದೆವು. ಮುಂದೆ ನಾವು ಕುಂಭಕೋಣಕ್ಕೆ ಹೋದಾಗ ಅವರು ನಮ್ಮನ್ನು ಹೋಟೆಲಿನ ಕಡೆಗೆ ತಿರುಗಿ ನೋಡಲೂ ಬಿಡಲಿಲ್ಲ.

ನಿನ್ನ ಅಮ್ಮನ ಆತಂಕವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಹೆಣ್ಣುಮಗಳೊಬ್ಬಳು ಗುರುತಿಲ್ಲದ ಮನೆಗೆ ಹೋಗುವುದೆಂದರೆ ಎಚ್ಚರ ಬೇಕೇ ಬೇಕು. ಮೊದಲು ಆ ತಾಯಿಯೊಂದಿಗೆ ಫೋನಿನಲ್ಲಿ ಮಾತನಾಡು, ನಿನ್ನ ಅಮ್ಮನ ಕೈಗೂ ಫೋನು ಕೊಡು. ಊರಿನ ಹೆಸರನ್ನೂ ಹೊರಡುವ ವೇಳೆಯನ್ನೂ ಈ ಗ್ರೂಪಿನಲ್ಲಿ ಹಾಕು. ತಮ್ಮನನ್ನು ಜೊತೆಗೆ ಕರೆದುಕೊಂಡು ಬೆಳಗಿನ ರೈಲಿಗೆ ಪಾಂಡವಪುರಕ್ಕೆ ಹೋಗಿ, ಬೆಳಕಿರುವಾಗಲೇ ಹಿಂದಿರುಗು. ಮಾತಿನಲ್ಲಿ ಏನಾದರೂ ಸರಿಯಿಲ್ಲವೆನಿಸಿದರೆ, ದಾಕ್ಷಿಣ್ಯಕ್ಕೆ ಕಟ್ಟುಬೀಳದೆ ಹೊರಟು ಬಾ. ಬರಿಗೈಯಲ್ಲಿ ಹೋಗಬೇಡ, ಹೂವು, ಹಣ್ಣು, ನಮ್ಮ ಮನೆಯ ಚಕ್ಕುಲಿ ಸಾಕು. ಆಲೆಮನೆಯಲ್ಲಿ ಗಾಣದಿಂದ ಇಳಿದ ಕಬ್ಬಿನ ಹಾಲು ಕೊಪ್ಪರಿಗೆಯಲ್ಲಿ ಕುದಿಯುವಾಗ ಹತ್ತಿರ ಹೋಗಬೇಡ, ಆದರೆ ಕೊಳೆ ತೆಗೆಯುವುದನ್ನೂ, ಹದ ನೋಡಿ ಪಾಕವನ್ನು ಇಳಿಸುವುದನ್ನೂ ತಪ್ಪದೆ ನೋಡು. ಒಲೆಗೆ ಹಾಕುವುದು ಒಣಗಿಸಿದ ಕಬ್ಬಿನ ಸಿಪ್ಪೆಯನ್ನೇ. ಪಾಕದ ಹದ ಅವರಿಗೆ ಹೇಗೆ ತಿಳಿಯುತ್ತದೆ ಎಂದು ಕೇಳು. ಕೆಲಸ ಬಲ್ಲವರು ತಮ್ಮ ಕೆಲಸದ ಬಗ್ಗೆ ಕೇಳಿದವರನ್ನು ಬಹಳ ಬೇಗ ಹಚ್ಚಿಕೊಳ್ಳುತ್ತಾರೆ. ಹೊರಡುವಾಗ ಅವರನ್ನೂ ಮೈಸೂರಿಗೆ ಕರೆ, ಬರುವ ದಿನವನ್ನು ಅಲ್ಲಿಯೇ ಗೊತ್ತು ಮಾಡು; ಊಟದ ಹೊಣೆ ನನ್ನದು.

ಬರುವ ಫೆಬ್ರವರಿಯಲ್ಲಿ ನಾನು ಮತ್ತೆ ಕೊಕ್ಕರೆ ಬೆಳ್ಳೂರಿಗೆ ಹೋಗುತ್ತೇನೆ. ಈ ಸಲ ಒಬ್ಬಳೇ ಬರಬೇಡಿ, ಮನೆಯವರನ್ನೆಲ್ಲ ಕರೆತನ್ನಿ ಎಂದು ಗೆಳತಿ ಹೇಳಿದ್ದಾರೆ. ಯಾರು ಯಾರು ಬರುತ್ತೀರಿ ಎಂಬುದನ್ನು ಇಲ್ಲಿಯೇ ತಿಳಿಸಿದರೆ, ಎಷ್ಟು ಜನಕ್ಕೆ ಮುದ್ದೆ ತೊಳಸಬೇಕೆಂದು ಅವರಿಗೆ ಮೊದಲೇ ಹೇಳಿಬಿಡುತ್ತೇನೆ.